ಅರ್ಧ ಓದಬಾರದು

ಮಂಜುಷಾಬಾಯಿ ಬಿಸ್ಕಿಟ್ ಡಬ್ಬಿಯನ್ನು ಚಾಪೆಯ ಮೇಲೆ ಬೋರಲು ಹಾಕಿದರು.

ಗೇಣುದ್ದದ ದಪ್ಪ ಕಾಗದದ ಪಟ್ಟಿಗಳು ನೂರಾರು ಹರಡಿಕೊಂಡವು. ಎಲ್ಲವೂ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಾಡಿದವು. ಒಂದು ಮಗ್ಗುಲಲ್ಲಿ ಅಚ್ಚಾದ ಕೆಂಪು, ಬಂಗಾರದ ಅಕ್ಷರ. ಇನ್ನೊಂದು ಮಗ್ಗುಲಲ್ಲಿ ಹೆಣ್ಣುಮಕ್ಕಳು ಪೆನ್ನಿನಿಂದ ಬರೆದ ಇಂಗ್ಲಿಷ್ ವಾಕ್ಯ.

"ನೋಡ್ರಿ ರಾಯರ, ಹನ್ನೊಂದು ವರ್ಷದ್ದವ ಇವು. ಒಂದೇ ಒಂದು ಪಟ್ಟಿ ಈ ಹಾಲ್ ಬಿಟ್ಟು ಹೊರಗ ಹೋಗಿದ್ದಿಲ್ಲ. ಆ ಒಂದು ಬಿಟ್ಟು."

ಆ ಒಂದರ ಸುದ್ದಿ ಗಾಜಿಪುರದ ಓಣಿಗೆಲ್ಲ ಹಬ್ಬಿತ್ತು. ಕಮಲಾಪುರದ ಐಶ್ವರ್ಯಾ ಎಂಬ ಹುಡುಗಿ ಈ ಕ್ಲಾಸಿನಲ್ಲಿ ಕೂತು ಬರೆದ ಪಟ್ಟಿಯ ಎಡ ತುಂಡು ಮಾತ್ರ ಗಂಡಿನ ಮನೆ ಸೇರಿ, ನಿಶ್ಚಯವಾಗಿದ್ದ ಅವಳ ಮದುವೆ ಮುರಿದು ಹತ್ತು ದಿನವಾಗಿತ್ತು. ಪಟ್ಟಿ ಹೊರಗೆ ಕೊಟ್ಟವರು ಮಂಜುಷಾಬಾಯಿಯೇ ಎಂದು ಓಣಿ ತೀರ್ಪು ಕೊಟ್ಟುಬಿಟ್ಟಿತ್ತು. ನಾಳೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಿರಿಯರು ಕೂಡಿ ಕ್ಲಾಸಿಗೆ ಕೊಟ್ಟಿದ್ದ ಓಣಿಯ ಹಾಲ್‌ನ ಕೀಲಿ ತಿರುಗಿ ಕೇಳುವವರಿದ್ದರು.

"ನಾ ಹೇಳಿದ್ದು ಖರೇ ಅಂತ ಯಾರೂ ನಂಬವಲ್ರು," ಎಂದರು. "ಬಲ ತುಂಡು ಯಾರ ಕಡೆ ಅದನೋ ಅವರೇ ಹರಿದವರು. ಅದೊಂದು ಹುಡುಕಿ ಕೊಡ್ರಿ. ಸಿಗಲಿಲ್ಲಂದ್ರ ಕೀಲಿ ನಾನೇ ಒಯ್ದು ಅವರ ಕೈಯಾಗ ಇಡ್ತೀನಿ."

ಐವತ್ತು ದಾಟಿದ ಹೆಂಗಸು, ಓಣಿಯ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುವವರು. ಹಿಂದಿನ ಕಂತುಗಳ ಪರಿಚಯವಿಲ್ಲದವರಿಗೆ ನನ್ನ ಬಗ್ಗೆಯೂ ಒಂದು ಮಾತು: ನಾನು ಮುಕುಂದರಾವ್. ಸೂಪರ್ ಮಾರ್ಕೆಟಿನಲ್ಲಿ ಔಷಧಿ ಅಂಗಡಿಯ ಮೇಲೆ ಎರಡು ಕೋಣೆಯ ಪತ್ತೇದಾರಿ ಆಫೀಸು. ಕೊಲೆ, ದರೋಡೆ ನಮಗೆ ಅಪರೂಪ. ಗಂಡು ಹೇಗೆ, ಹೆಣ್ಣು ಹೇಗೆ, ಮನೆತನ ಹೇಗೆ ಎಂದು ಮದುವೆಗೆ ಮುಂಚೆ ಗುಟ್ಟಾಗಿ ವಿಚಾರಿಸಿ ವರದಿ ಕೊಡುವುದರಿಂದಲೇ ನಮ್ಮ ಹೊಟ್ಟೆ ತುಂಬುತ್ತದೆ.

"ಪಾಠ ಏನಿತ್ತು ಅವತ್ತು?" ಎಂದೆ.

"ಗುರುವಾರ ಗುರುವಾರ ಅದೇ ಪಾಠ. ಒಂದಕ್ಕೊಂದು ವಿರುದ್ಧ ಇರೋ ಎರಡು ಮಾತನ್ನ ಇಂಗ್ಲಿಷಿನ್ಯಾಗ ಒಂದೇ ವಾಕ್ಯದಾಗ ಹ್ಯಾಂಗ ಹೇಳೂದು. ಆಲ್ದೋ, ಈವನ್ ದೋ, ಬಟ್, ಇನ್ ಸ್ಪೈಟ್ ಆಫ್." ಅವರು ಒಂದು ಪಟ್ಟಿ ಎತ್ತಿ ನನ್ನ ಮುಂದೆ ಹಿಡಿದರು. "ಪುಸ್ತಕದಾಗಿನ ವಾಕ್ಯ ಕಲಿಸಿದ್ರ ತಲಿಗೆ ಹತ್ತಂಗಿಲ್ಲ. ಅದಕ್ಕ ತಮ್ಮ ಮನಸ್ಸಿನ ನೋವು ಒಂದು, ತಾವೇ ಎಡಗಡೆ ಬರೀಬೇಕು. ಬಾಜೂಕ ಕೂತಾಕಿ ಕೇಳಿ ತಿಳಕೊಂಡು, ಅದರ ಎದುರಿನ ಸಮಾಧಾನ ಬಲಗಡೆ ಬರೀಬೇಕು. ಓದ್ರಿ."

ಎಡಗಡೆ ಒಬ್ಬಳ ಅಕ್ಷರ: 'ಆಲ್ದೋ ಮೈ ಹಸ್ಬೆಂಡ್ ಡಸ್ ನಾಟ್ ಟಾಕ್ ಮಚ್.' ಬಲಗಡೆ ಇನ್ನೊಬ್ಬಳದು: 'ಹಿ ಪೀಲ್ಸ್ ದಿ ಗಾರ್ಲಿಕ್ ಫಾರ್ ಮಿ ಎವ್ರಿ ಡೇ.' ಗಂಡನಿಗೆ ಮಾತು ಕಡಿಮೆ, ಆದರೂ ದಿನಾ ಬೆಳ್ಳುಳ್ಳಿ ಸುಲಿದು ಕೊಡುತ್ತಾನೆ. ಕೋರ್ಟಿನಲ್ಲಿ ಕೂಡ ಇಷ್ಟು ಚೊಕ್ಕ ಸಾಕ್ಷಿ ನಾನು ಕಂಡಿಲ್ಲ.

ಗೋಡೆಯ ಮೇಲೆ ಒಂದು ರಟ್ಟು ತೂಗುಹಾಕಿತ್ತು. ಅದರ ಮೇಲೆ ಕನ್ನಡದಲ್ಲಿ ಎರಡೇ ಶಬ್ದ: 'ಅರ್ಧ ಓದಬಾರದು.'

"ಎರಡೂ ಕೂಡಿಸೇ ಓದಬೇಕು. ಅದು ಈ ಹಾಲಿನ ಕಾಯ್ದಾ," ಎಂದರು ಮಂಜುಷಾಬಾಯಿ. ಕೈಯಲ್ಲಿದ್ದ ಪಟ್ಟಿಯನ್ನು ಡಬ್ಬಿಗೆ ಹಾಕಿದರು. "ಹುಡುಗ್ಯಾರು ನನ್ನ ನಂಬಿ ಬರೀತಿದ್ರು ರಾಯರ. ಈಗ ಅವರೇ ನನ್ನ ಕಡೆ ನೋಡವಲ್ರು."

ನಾಲ್ಕು ದಿನದ ಹಿಂದೆ ಈ ಕೇಸು ಹಿಡಿದಾಗ ನೋಡಿದ್ದ ಹಾಜರಿ ಪುಸ್ತಕವನ್ನು ಮತ್ತೆ ತೆಗೆಸಿದೆ. ಆ ಗುರುವಾರ ಐಶ್ವರ್ಯಾಳ ಜೋಡಿ ಕೂತವಳ ಹೆಸರು ವಾರಿಜಾ, ಊರು ಶರಣಸಿರಸಗಿ. ಒಂಬತ್ತು ದಿನ ಬಂದು ಮಾಯವಾದವಳು. ನಿನ್ನೆಯಿಡೀ ಶರಣಸಿರಸಗಿಯ ಹಳೇ ಮನೆ, ಹೊಸ ಲೇಔಟು ಎಲ್ಲ ಸುತ್ತಿ ಬಂದಿದ್ದೆ. ಆ ಹೆಸರಿನವಳು ಅಲ್ಲಿ ಯಾರೂ ಇರಲಿಲ್ಲ. ಕೊಟ್ಟ ಫೋನ್ ನಂಬರೂ ಸುಳ್ಳು.

"ನೋಡಲಿಕ್ಕೆ ಹ್ಯಾಂಗಿದ್ಲು, ಮತ್ತೊಮ್ಮೆ ಹೇಳ್ರಿ."

"ಕನ್ನಡಕ, ತಲಿಮ್ಯಾಲ ಸೆರಗು. ಬಿಸಲಿಗೆ ಆಗಂಗಿಲ್ಲ ಅಂತಿದ್ಲು."

ಅಷ್ಟರಲ್ಲಿ ಬಾಗಿಲ ಬಳಿ ಕೂತು ಪಟ್ಟಿ ಆರಿಸುತ್ತಿದ್ದ ಅಫ್ರೀನ್ ತಲೆ ಎತ್ತಿದಳು. ಈ ಕ್ಲಾಸಿನ ಹಳೇ ವಿದ್ಯಾರ್ಥಿನಿ. ಇಷ್ಟೆಲ್ಲ ಆದಮೇಲೂ ಬರುವುದು ಬಿಡದವಳು ಅವಳೊಬ್ಬಳೇ.

"ಸರ್, ಮಾರಿ ಬರಾಬರ್ ನೆನಪಿಲ್ಲ. ಮಗರ್ ಆಕಿ ಚಪ್ಪಲಿ ನೆನಪದ. ನಾವೆಲ್ಲ ಹ್ಯಾಂಗ ಬರ್ತೀವಿ ಹಂಗೇ ಬಿಟ್ಟು ಒಳಗ ಓಡ್ತೀವಿ. ಆಕಿ ಬಾಗಲದಾಗ ಹೊಳ್ಳಿ ನಿಂತು, ಚಪ್ಪಲಿ ರಸ್ತಾ ಕಡೆ ಮುಖ ಮಾಡಿ ಬಿಟ್ಟು, ಆಮ್ಯಾಲ ಒಳಗ ಬರ್ತಿದ್ಳು. ದಿನಾ. ನಾವು ನಗ್ತಿದ್ವಿ, ಓಡಿ ಹೋಗಾಕಿ ಇದ್ದಂಗ ಇದ್ದಾಳ ಅಂತ."

ಬಾಗಿಲಾಚೆ ಬಿಟ್ಟಿದ್ದ ನನ್ನ ಚಪ್ಪಲಿಯ ಕಡೆ ನೋಡಿದೆ, ಅವೂ ರಸ್ತೆ ಕಡೆ ಮುಖ ಮಾಡಿದ್ದವು.

ವಿಚಾರಣೆಗೆ ಹೋದ ಮನೆಯಲ್ಲಿ ಚಪ್ಪಲಿ ಯಾವಾಗಲೂ ಹೊರಮುಖವಾಗಿ ಬಿಡಬೇಕು, ಎದ್ದು ಹೋಗುವ ಪ್ರಸಂಗ ಬಂದರೆ ತಿರುಗಿಸುತ್ತ ಕೂರಬಾರದು. ಇದು ನಾನು ಕಲಿಸುವ ಮೊದಲ ಪಾಠ. ಅದನ್ನು ನಾನು ಕಲಿಸಿದ್ದು ಒಬ್ಬಳಿಗೇ. ಆರು ವರ್ಷದಿಂದ ನನ್ನ ಆಫೀಸು ನಡೆಸುತ್ತಿರುವ, ನನ್ನನ್ನು ಕಾಕಾ ಎಂದು ಕರೆಯುವ ಹರಿಪ್ರಿಯಾಳಿಗೆ.

ಛೇ ಎಂದು ತಲೆ ಕೊಡವಿಕೊಂಡೆ. ಹೊರಮುಖ ಚಪ್ಪಲಿ ಬಿಡುವವರು ಊರಲ್ಲಿ ಅವಳೊಬ್ಬಳೇ ಏನು?

"ಸಂಜಿ ಐದಕ್ಕ ನಿಮ್ಮ ಆಫೀಸಿಗೆ ಬರ್ತೀನಿ," ಎಂದರು ಮಂಜುಷಾಬಾಯಿ. "ಸಿಕ್ಕಿದ್ರ ಸಿಕ್ಕಿತು ಅನ್ರಿ, ಇಲ್ಲಂದ್ರ ಇಲ್ಲ ಅನ್ರಿ. ನಡುವಿನ ಮಾತು ಬ್ಯಾಡ."

*

ಕಮಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಟಿಕೆಟ್ಟನ್ನು ಡೈರಿಯೊಳಗೆ ಇಟ್ಟೆ. ಈ ವಾರದ ಪುಟದಲ್ಲಿ ಹೆಂಡತಿ ಸಾವಿತ್ರೀಬಾಯಿ ಇಟ್ಟ ಗುರುತಿನ ಪಟ್ಟಿ ಇತ್ತು. ಶನಿವಾರ ಮಧ್ಯಾಹ್ನ ನಾನು ಊಟ ಮಾಡಿ ಎದ್ದಮೇಲೆ, ಮುಂದಿನ ವಾರದ ಪುಟ ತೆರೆದು ಗುರುತು ಇಡುವುದು ಇಪ್ಪತ್ತೆಂಟು ವರ್ಷದಿಂದ ಆಕೆಯ ಪದ್ಧತಿ. ಕೈಗೆ ಸಿಕ್ಕಿದ್ದೇ ಗುರುತು. ಒಮ್ಮೆ ಕ್ಯಾಲೆಂಡರಿನ ಚೂರು, ಒಮ್ಮೆ ಅಗರಬತ್ತಿಯ ರಟ್ಟು. ಈ ಸಲ ಯಾವುದೋ ಲಗ್ನಪತ್ರಿಕೆಯ ತುಂಡು, 'ತಮ್ಮ ಆಗಮ' ಎಂಬ ಕೆಂಪಕ್ಷರ ಅರ್ಧಕ್ಕೇ ತುಂಡಾದದ್ದು. ಹೀಗೆ ನನ್ನ ವಾರಗಳನ್ನು ನೆಟ್ಟಗೆ ಇಡುವವಳು ಮನೆಯಲ್ಲಿದ್ದಾಳೆಂಬ ಧೈರ್ಯದಲ್ಲೇ ನಾನು ಪರರ ಮನೆಗಳನ್ನು ಶೋಧಿಸುತ್ತ ತಿರುಗುವುದು.

ಸೂಗಮ್ಮ ಅಂಗಳದಲ್ಲಿ ಕೆಂಪು ಬಾಳೆಯ ಗೊನೆ ಬಿಡಿಸುತ್ತಿದ್ದರು. ಐಶ್ವರ್ಯಾಳ ತಾಯಿ. ನನ್ನನ್ನು ನೋಡಿ ಎದ್ದು ಸೆರಗು ಸರಿಮಾಡಿಕೊಂಡರು.

"ಬರ್ರಿ ಸಾಹೇಬ್ರ. ಬಾಯಾರು ಫೋನ್ ಹಚ್ಚಿದ್ರು. ಐಶೂ, ಚಾ ಮಾಡವ್ವ."

ಹುಡುಗಿ ಒಳಗಿನಿಂದ ಬಂದು ನನ್ನನ್ನು ಒಂದು ಕ್ಷಣ ನೋಡಿದಳು. ಇಪ್ಪತ್ತೆರಡರ ವಯಸ್ಸು, ಬಾಡಿದ ಮುಖ. ಒಳಗೆ ಹೋಗಿ ಎರಡು ಕಪ್ ಚಹಾ ತಂದಳು. ಒಂದು ಗುಟುಕು ಕುಡಿದೆ. ಸಕ್ಕರೆಯೇ ಇರಲಿಲ್ಲ. ಮನಸ್ಸು ಎಲ್ಲೋ ಇರುವ ಹುಡುಗಿ, ಪಾಪ, ಮರೆತಿದ್ದಳು. ನನ್ನ ಶುಗರಿಗೆ ಒಳ್ಳೆಯದೇ ಆಯಿತೆಂದು ಸುಮ್ಮನೆ ಕುಡಿದೆ.

"ವಾರಿಜಾ ಬಗ್ಗೆ ಹೇಳು ತಂಗಿ," ಎಂದೆ.

ಅವಳು ಕಂಬಕ್ಕೆ ಒರಗಿದಳು. "ಏನ ಹೇಳ್ಲಿ ಸರ. ನನ್ನ ಬಾಜೂಕ ಕೂಡ್ತಿದ್ಳು. ನನ್ನ ಡಬ್ಬಿಯಾಗ ಕೈ ಹಾಕಿ ಉಣ್ತಿದ್ಳು. ನಾ ಪಟ್ಟಿ ಮ್ಯಾಲ ಬರದೆ, ಆಲ್ದೋ ಐ ಹ್ಯಾಡ್ ಫಿಟ್ಸ್ ಟಿಲ್ ಐ ವಾಸ್ ಟ್ವೆಲ್ವ್ ಅಂತ."

ಹನ್ನೆರಡು ವರ್ಷದವರೆಗೆ ಮೂರ್ಛೆ ಬರುತ್ತಿತ್ತು, ಆದರೂ. ಈ ಮಾತನ್ನು ಹೊರಗಿನವರ ಮುಂದೆ ಅವಳು ಅದೇ ಮೊದಲು ಬರೆದದ್ದಂತೆ.

"ಬಲಗಡೆ ಆಕಿ ಏನು ಬರದ್ಲು?"

"ನನ್ನ ಕೇಳಿದ್ಳು, ಈಗ ಹ್ಯಾಂಗದ ಅಂತ. ಹತ್ತು ವರ್ಷಾತು, ಒಮ್ಮಿನೂ ಬಿದ್ದಿಲ್ಲ, ಗುಳಿಗಿ ಸೈತ ಬಿಡಿಸ್ಯಾರ ಅಂದೆ. ಹಂಗೇ ಬರದ್ಲು. ಬರಿಯುವಾಗ ಕಣ್ಣಾಗ ನೀರಿತ್ತು ಸರ ಆಕಿದು. ನಾ ಖರೇ ಅಂತ ತಿಳಕೊಂಡೆ."

ಸೂಗಮ್ಮ ಬಾಳೆಯ ಗೊನೆಯನ್ನು ನೆಲಕ್ಕೆ ಕುಕ್ಕಿದರು. "ಖರೇ ಅಂತ! ಕುಡಿದ ನೀರಿಗಿ ನೆನಪಿಲ್ಲದಾಕಿ! ಗಂಡಿನ ಅಪ್ಪ ದೇವೀಂದ್ರಪ್ಪ ಇಲ್ಲೇ ಬಂದು, ನಾಕು ಮಂದಿ ಮುಂದ ಆ ತುಂಡು ಹಿಡದ್ರು. ನಿಮ್ಮ ಮಗಳ ಕೈಬರಹ ಹೌದಲ್ಲೋ ಅಂದ್ರು. ನನಗ ಇಂಗ್ಲೀಷ ಎಲ್ಲಿ ಬರ್ತದ್ರಿ? ಐಶೂನೇ ಓದಿ ಹೇಳ್ದಳು. ತನ್ನ ಮಾನ ತಾನೇ ಓದಿದಂಗ ಆತು."

"ತುಂಡಿನ ಹಿಂದ ಏನಾದ್ರೂ ಇತ್ತೇನು?"

"ಕೆಂಪಕ್ಷರ," ಎಂದಳು ಐಶ್ವರ್ಯಾ. "ನವನ್ನು ಬಯಸುವ ಅಂತ. ಮದಿವಿ ಕಾರ್ಡ್."

"ತುಂಡಿನ ಜೊತಿ ಮತ್ತೇನು ತಂದಿದ್ರು ದೇವೀಂದ್ರಪ್ಪ?"

"ಏನೂ ಇಲ್ಲ," ಎಂದು ಐಶ್ವರ್ಯಾ ಬೇಗನೆ ಹೇಳಿದಳು.

"ಇತ್ತಲ್ಲವ್ವ," ಎಂದರು ಸೂಗಮ್ಮ. "ಒಂದು ಹಾಳಿ ಇತ್ತಲ್ಲ, ಟೈಪ ಮಾಡಿದ್ದು. ಮ್ಯಾಲ ಮೂಲ್ಯಾಗ ನಂಬರ ಇತ್ತು. ಅಕ್ಷರ ಬರದಿದ್ರೂ ಅಂಕಿ ಬರ್ತಾವ ನನಗ. ಎರಡು, ಒಂದು, ನಾಕು. ಸುತ್ತ ನೀಲಿ ಶಾಯಿಲೆ ಗುಂಡಕ ಗೀಟು."

ಕಪ್ಪು ಕೆಳಗಿಟ್ಟೆ.

ನನ್ನ ಆಫೀಸಿನಲ್ಲಿ ಕಡತಗಳಿಗೆ ಹೆಸರಿಲ್ಲ. ಯಾರ ಗುಟ್ಟೂ ಹೊರಬೀಳಬಾರದೆಂದು ನಾನೇ ಮಾಡಿದ ವ್ಯವಸ್ಥೆ ಅದು. ಎಲ್ಲಕ್ಕೂ ನಂಬರು. ನಂಬರಿನ ಸುತ್ತ ನೀಲಿ ಶಾಯಿಯಲ್ಲಿ ಗುಂಡಗೆ ಗೆರೆ ಎಳೆದು, ಕೆಳಗೆ ಸಹಿ ಹಾಕುವವನು ನಾನು. ಗಿರಾಕಿಯ ಹೆಸರೂ ಹುಡುಗಿಯ ಹೆಸರೂ ಹರಿಪ್ರಿಯಾಳ ಪುಸ್ತಕದಲ್ಲಿ ಮಾತ್ರ ಇರುತ್ತವೆ, ನಾನು ಕೇಳುವುದೂ ಇಲ್ಲ. ಇನ್ನೂರಾ ಹದಿನಾಲ್ಕಕ್ಕೆ ಸಹಿ ಹಾಕಿ ಎರಡು ವಾರವಾಗಿತ್ತು.

ಈ ಮನೆಯ ಅಂಗಳಕ್ಕೆ ಬೆಂಕಿ ಇಟ್ಟ ಕಾಗದ ನನ್ನದೇ ಆಗಿತ್ತು. ನಾಲ್ಕು ದಿನದಿಂದ ನಾನು ಹುಡುಕುತ್ತಿದ್ದದ್ದು ನನ್ನನ್ನೇ. ನಾಚಿಕೆಯಿಂದ ಸೂಗಮ್ಮನ ಮುಖ ನೋಡಲಾಗಲಿಲ್ಲ.

ಐಶ್ವರ್ಯಾ ಬಾಗಿಲವರೆಗೆ ಬಂದಳು. ತಾಯಿಗೆ ಕೇಳಿಸದಂತೆ, "ಸರ, ಇದು ಇಲ್ಲಿಗೇ ಬಿಡ್ರಿ," ಎಂದಳು. "ಹುಡುಕಿ ಏನ ಮಾಡ್ತೀರಿ? ಮುರಿದದ್ದು ಮುರೀತು."

"ಬಿಟ್ರ ನಿಮ್ಮ ಬಾಯಾರ ಕ್ಲಾಸ್ ನಾಳೆ ಮುಚ್ಚತದ ತಂಗಿ."

ಅವಳು ತುಟಿ ಕಚ್ಚಿಕೊಂಡಳು. "ಬಾಯಾರದು ತಪ್ಪಿಲ್ಲ ಸರ. ಬಾಯಾರ ಮ್ಯಾಲ ಬರ್ತದಂತ..." ಅಷ್ಟಕ್ಕೇ ನಿಲ್ಲಿಸಿ ಒಳಗೆ ಹೋದಳು. ಅವಳ ದುಃಖ ನೋಡಿ ನಾನೂ ಮುಂದೆ ಕೇಳಲಿಲ್ಲ.

*

ಆಫೀಸಿನ ಮೆಟ್ಟಿಲು ಹತ್ತುವಾಗ ನಾಲ್ಕೂವರೆ. ಬಾಗಿಲ ಮುಂದೆ ಹರಿಪ್ರಿಯಾಳ ಚಪ್ಪಲಿ ಇದ್ದವು. ಎರಡೂ ಮೆಟ್ಟಿಲ ಕಡೆ ಮುಖ ಮಾಡಿದ್ದವು. ಆರು ವರ್ಷದಿಂದ ದಿನಾ ನೋಡಿದ ನೋಟ. ಇವತ್ತು ಕಾಲಿನಿಂದ ಒದೆಯಬೇಕೆನಿಸಿತು.

ಅವಳು ಕಂಪ್ಯೂಟರಿನಿಂದ ತಲೆ ಎತ್ತದೆ, "ಬಂದ್ರೇನು ಕಾಕಾ? ನೀರು ಕೊಡ್ಲಾ?" ಎಂದಳು.

"ಕೊಡು, ವಾರಿಜಾ."

ಕೀಲಿಮಣೆಯ ಸದ್ದು ನಿಂತಿತು. ಅವಳು ನಿಧಾನವಾಗಿ ಕುರ್ಚಿ ತಿರುಗಿಸಿದಳು. ಸುಳ್ಳು ಹೇಳುತ್ತಾಳೆಂದು ಕಾದೆ. ಹೇಳಿದ್ದರೆ ಬಯ್ಯುವುದಾದರೂ ಸುಲಭವಾಗುತ್ತಿತ್ತು.

"ಹೌದು ಕಾಕಾ. ನಾನೇ."

"ನಾಕು ದಿನದಿಂದ ನಾ ಆ ವಾರಿಜಾನ್ನ ಹುಡಕಲಿಕತ್ತೀನಿ. ನಿನ್ನಿ ಶರಣಸಿರಸಗಿಗೆ ಹೋಗೂ ಮುಂದ ದಾರಿ ಕೇಳಿದ್ದು ನಿನ್ನನ್ನೇ. ಆಟೋ ಎಲ್ಲಿ ಸಿಗತದಂತ ಹೇಳಿದಾಕಿನೂ ನೀನೇ!"

"ಹೇಳಲಿಕ್ಕೆ ಬಾಯಿ ಬರಲಿಲ್ಲ."

"ಆ ಹುಡುಗಿ ನಿನ್ನ ಜೊತಿ ಒಂದೇ ಡಬ್ಬಿಯೊಳಗ ಉಂಡಿದ್ಲು."

"ಉಂಡಿದ್ಲು. ರೊಟ್ಟಿ, ಪುಂಡಿಪಲ್ಯ. ಮರ್ತಿಲ್ಲ ನಾ."

"ಉಂಡ ಕೈಲೇ ಆಕಿ ಪಟ್ಟಿ ಹರಿದಿ?"

ಅವಳು ಎದ್ದು ನಿಂತಳು. ಕಣ್ಣು ಕೆಂಪಾಗಿದ್ದವು. "ಕದ್ದದ್ದು ಖರೇ. ಹರಿದದ್ದು ನಾ ಅಲ್ಲ. ನಿಮ್ಮ ಕಾಯ್ದಾ ಯಾವುದು ಕಾಕಾ? ಪುರಾವೆ ಇಲ್ಲದ ವರದಿ ನನ್ನ ಮೇಜಿಗೆ ಬರಬಾರದು. ಹೌದಲ್ಲೋ? ದೇವೀಂದ್ರಪ್ಪನವರು ನನ್ನ ಮುಂದ ಬಂದು ಹುಡುಗಿ ಬಗ್ಗೆ ವಿಚಾರಿಸ್ರಿ ಅಂದ್ರು. ನೀವು ನಂಬರ್ ಹಾಕಿ ನನಗ ಕೊಟ್ರಿ. ನಾ ಹೋದೆ, ಕೂತೆ, ಕಲ್ತೆ. ಪುರಾವೆ ಬೇಕಂತ ಪಟ್ಟಿ ತಂದೆ. ಇಡೀ ಪಟ್ಟಿ."

"ಇಡೀ ಪಟ್ಟಿ?"

ಕಪಾಟಿನಿಂದ ಕಡತ ತೆಗೆದು ನನ್ನ ಮುಂದೆ ಎಸೆದಳು. ಇನ್ನೂರಾ ಹದಿನಾಲ್ಕು. ಆಫೀಸ್ ಪ್ರತಿ.

ಓದಿದೆ. ಮೊದಲ ಪುಟದ ಕೊನೆಯ ಸಾಲು ಹೀಗಿತ್ತು: 'ಹುಡುಗಿಗೆ ಹನ್ನೆರಡು ವರ್ಷದವರೆಗೆ ಮೂರ್ಛೆ ಬರುತ್ತಿತ್ತೆಂಬುದು ಆಕೆಯ ಕೈಬರಹದಿಂದಲೇ ತಿಳಿದಿದೆ.' ಪುಟ ಅಲ್ಲಿಗೆ ಮುಗಿದಿತ್ತು. ಎರಡನೇ ಪುಟದ ಮೊದಲ ಸಾಲು: 'ಆದರೆ ಹತ್ತು ವರ್ಷಗಳಿಂದ ಒಮ್ಮೆಯೂ ಬಂದಿಲ್ಲ, ವೈದ್ಯರು ಔಷಧವನ್ನೂ ನಿಲ್ಲಿಸಿದ್ದಾರೆ. ಹುಡುಗಿ ಜಾಣೆ, ಮನೆತನ ಮರ್ಯಾದಸ್ಥರದು, ಸಂಬಂಧಕ್ಕೆ ಅಡ್ಡಿಯಿಲ್ಲವೆಂದು ನಮ್ಮ ಅಭಿಪ್ರಾಯ.'

ದೇವೀಂದ್ರಪ್ಪನ ಕೈಗೆ ಹೋದದ್ದು ಒಂದೇ ಹಾಳೆ. ಅರ್ಧ ಪಟ್ಟಿ, ಅರ್ಧ ವರದಿ.

"ಎರಡೂ ಪುಟಕ್ಕ ನಿಮ್ಮ ಸಹಿ ಅದ ಕಾಕಾ. ಓದಿದ್ರೇನು?"

ಓದಿರಲಿಲ್ಲ. ಅವಳ ಮೇಲಿನ ನಂಬಿಕೆಯಿಂದ ಓದದೆ ಸಹಿ ಹಾಕುವುದು ನನಗೆ ವರ್ಷಗಳಿಂದ ರೂಢಿಯಾಗಿತ್ತು. ಅದನ್ನು ನಾನು ದೊಡ್ಡತನವೆಂದು ತಿಳಿದುಕೊಂಡಿದ್ದೆ.

"ಮದುವಿ ಮುರದದ್ದು ತಿಳಿದ ದಿನ ನಾ ಏನಂದುಕೊಂಡೆ ಗೊತ್ತದ ಏನು?" ಅವಳು ನನ್ನ ಸಹಿಯ ಮೇಲೆ ಬೆರಳಿಟ್ಟಳು. "ಕಾಕಾನೇ ಹರಿದ್ರು ಅಂದುಕೊಂಡೆ. ದೇವೀಂದ್ರಪ್ಪನವರಿಗೆ ಬೇಕಾದಂಗ ವರದಿ ಮಾಡಿ ಕೊಟ್ರು ಅಂದುಕೊಂಡೆ. ಆಮ್ಯಾಲ ನೀವೇ ಮಂಜುಷಾಬಾಯಾರ ಕೇಸ್ ಹಿಡಿದು, ಏನೂ ಗೊತ್ತಿಲ್ಲದವರಂಗ ಊರು ತಿರಗಲಿಕತ್ರಿ. ನಾ ಯಾರಿಗೆ ಏನಂತ ಹೇಳಬೇಕಿತ್ತು?"

ನಾನು ಅವಳನ್ನು ದ್ರೋಹಿ ಎಂದುಕೊಂಡು ಮೆಟ್ಟಿಲು ಹತ್ತಿದ್ದೆ. ಅವಳು ಹತ್ತು ದಿನದಿಂದ ನನ್ನನ್ನು ಅದೇ ಎಂದುಕೊಂಡು ನೀರು ಕೊಡುತ್ತಿದ್ದಳು.

"ಮತ್ತ ಯಾರು ಹರಿದ್ರು?" ಎಂದೆ.

"ಕಡತ ನಾ ಕೊಟ್ಟದ್ದು ಶನಿವಾರ ಹನ್ನೆರಡಕ್ಕ. ನೀವು ಸಹಿ ಮಾಡಿ ಮನಿಗೆ ಒಯ್ದ್ರಿ. ಭಾನುವಾರ ಮುಂಜಾನೆ ದೇವೀಂದ್ರಪ್ಪನವರು ನಿಮ್ಮ ಮನಿಗೇ ಬಂದು, ನಂಬರ್ ಹೇಳಿ ಲಕೋಟೆ ಒಯ್ದ್ರು. ನಡುವ..."

"ಬಾಯಿ ಮುಚ್ಚು!"

ಅವಳು ಕಡತವನ್ನು ತನ್ನ ಕಡೆ ಎಳೆದುಕೊಂಡಳು. ಆದರೆ ಆ ಮಾತಿನ ಉಳಿದರ್ಧ ನನಗೇ ಗೊತ್ತಿತ್ತು. ವರದಿಗಳನ್ನು ಆಫೀಸಿನಲ್ಲಿ ಕೊಡುವುದಿಲ್ಲ, ಹತ್ತು ಜನ ನೋಡುತ್ತಾರೆಂದು. ಮನೆಗೆ ಒಯ್ಯುತ್ತೇನೆ. ಲಕೋಟೆಗೆ ಹಾಕಿ ಅಂಟು ಹಚ್ಚುವುದು ಸಾವಿತ್ರೀಬಾಯಿಯ ಕೆಲಸ.

"ದೇವೀಂದ್ರಪ್ಪನೇ ಹರಿದಿರಬೇಕು," ಎಂದೆ. "ಅವನಿಗೇ ಸಂಬಂಧ ಬ್ಯಾಡಾಗಿತ್ತೇನೋ."

"ಇರಬಹುದು. ಬಲ ತುಂಡು ಸಿಕ್ಕರ ತಿಳೀತದ." ಹರಿಪ್ರಿಯಾ ಕಡತದ ಕೊನೆಯ ಹಾಳೆ ತಿರುವಿದಳು. "ಪಟ್ಟಿಯ ಝೆರಾಕ್ಸ್ ಇಟ್ಟೀನಿ. ಎರಡೂ ಮಗ್ಗಲದ್ದು."

ಒಂದು ಚೌಕದಲ್ಲಿ ಇಂಗ್ಲಿಷ್ ವಾಕ್ಯ ಇಡಿಯಾಗಿತ್ತು. ಎಡಕ್ಕೆ ಐಶ್ವರ್ಯಾಳ ಓರೆ ಅಕ್ಷರ, ಬಲಕ್ಕೆ ಹರಿಪ್ರಿಯಾಳ ಗುಂಡನೆಯ ಅಕ್ಷರ. ಇನ್ನೊಂದು ಚೌಕದಲ್ಲಿ ಲಗ್ನಪತ್ರಿಕೆಯ ಅಚ್ಚು: 'ತಮ್ಮ ಆಗಮನವನ್ನು ಬಯಸುವ.'

ನವನ್ನು ಬಯಸುವ, ಎಂದಿದ್ದಳು ಐಶ್ವರ್ಯಾ. ಉಳಿದದ್ದು, ತಮ್ಮ ಆಗಮ.

ಅದನ್ನು ನಾನು ಎಲ್ಲಿ ಓದಿದ್ದೆ?

ಅಂಗಿಯ ಜೇಬಿನಿಂದ ಡೈರಿ ತೆಗೆದೆ. ಈ ವಾರದ ಪುಟ ತಾನಾಗಿಯೇ ತೆರೆದುಕೊಂಡಿತು. ಬಸ್ ಟಿಕೆಟ್ಟಿನ ಪಕ್ಕ ಕೆಂಪಕ್ಷರದ ತುಂಡು ಇತ್ತು. ಒಂದು ಅಂಚು ಹರಿದು ಎಳೆ ಎಳೆಯಾಗಿತ್ತು. ಏಳು ದಿನ ಅದನ್ನು ಎದೆಯ ಮೇಲೆ ಹೊತ್ತು ತಿರುಗಿದ್ದೆ, ಒಮ್ಮೆಯೂ ತಿರುವಿರಲಿಲ್ಲ.

ಈಗ ತಿರುವಿದೆ.

'ಐ ಹ್ಯಾವ್ ನಾಟ್ ಫಾಲನ್ ಒನ್ಸ್ ಇನ್ ಟೆನ್ ಇಯರ್ಸ್.'

ಹರಿಪ್ರಿಯಾ ನನ್ನನ್ನು ನೋಡಿದಳು. ಅವಳ ಅಕ್ಷರ, ಅವಳಿಗೆ ಗುರುತು ಹೇಳಬೇಕಾಗಿರಲಿಲ್ಲ.

"ಇದು ನಿಮ್ಮ ಕಡೆ..."

"ನನಗ ಗೊತ್ತಿದ್ದಿಲ್ಲ," ಎಂದೆ. ಈ ಮಾತನ್ನು ಎಷ್ಟೋ ಅಪರಾಧಿಗಳ ಬಾಯಲ್ಲಿ ಕೇಳಿ ನಕ್ಕಿದ್ದೇನೆ.

ಫೋನ್ ಬಡಿದುಕೊಂಡಿತು. ಸಾವಿತ್ರೀಬಾಯಿ. ದಿನಾ ಐದಕ್ಕೆ ಹತ್ತು ನಿಮಿಷ ಇರುವಾಗ ಆಕೆಯ ಫೋನ್ ಬರುತ್ತದೆ, ಬರುವಾಗ ಕೊತ್ತಂಬರಿ ತನ್ನಿ, ನಿಂಬೆಹಣ್ಣು ತನ್ನಿ ಎಂದು. ಇವತ್ತು ಕೊತ್ತಂಬರಿಯ ಮಾತು ಬರಲಿಲ್ಲ.

"ಡೈರಿ ನೋಡಿದ್ರೇನು?"

ತುಂಡನ್ನು ಅಂಗೈಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿದೆ.

"ನೋಡೀರಿ ಅನ್ನಸ್ತದ," ಎಂದಳು. "ಒಂದು ಪಟ್ಟಿ ತಿರುವಿ ನೋಡಲಿಕ್ಕೆ ಒಂದು ವಾರ ಬೇಕಾತೇನ್ರೀ ನಿಮಗ? ಮಂಜುಷಾಬಾಯಿ ಮ್ಯಾಲ ಬಂತು ಅಂತ ಕೇಳಿದ ದಿನಾನೇ ಇಟ್ಟೀನಿ. ಬಾಯಿಲೆ ಹೇಳಲಾರೆ. ನೀವೇ ನೋಡಿ ಕೇಳ್ತೀರಿ ಅಂತ ದಾರಿ ಕಾಯ್ಲಿಕತ್ತಿದ್ದೆ."

"ನೀನೇ ಹರಿದದ್ದೇನು?"

"ನಾನೇ. ಎರಡನೇ ಹಾಳಿ ದೇವರ ಮನ್ಯಾಗ ಅದ, ಪಂಚಾಂಗದ ಕೆಳಗ."

"ಯಾಕ ಸಾವಿತ್ರೀ?" ನನ್ನ ಧ್ವನಿ ನನಗೇ ಅಪರಿಚಿತವಾಗಿತ್ತು. ಸಿಟ್ಟು ಬರಬೇಕಾದಲ್ಲಿ ಅಳು ಬರುತ್ತಿತ್ತು. "ಇಪ್ಪತ್ತೆಂಟು ವರ್ಷ ನಿನ್ನ ಕೈಯಾಗ ಲಕೋಟೆ ಕೊಟ್ಟೀನಿ. ಒಂದು ಸಲನೂ ನಾ ತೆಗೆದು ನೋಡಿಲ್ಲ. ಆ ಹುಡುಗಿ ನಿನಗ ಏನು ಮಾಡಿತ್ತು?"

ಆಚೆ ಕಡೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಆಕೀನೇ ಹರಿಸಿದ್ದು," ಎಂದಳು ಸಾವಿತ್ರೀಬಾಯಿ. "ಆ ಶನಿವಾರ ನೀವು ಊಟ ಮಾಡಿ ಮಲ್ಕೊಂಡಿದ್ರಿ. ಹಿಂದಿನ ಬಾಗಲಿಗೆ ಬಂದ್ಲು. ನಿಮ್ಮ ವಾರಿಜಾನ ಬೆನ್ನು ಹತ್ತಿ ಆಫೀಸು ಕಂಡುಹಿಡಿದು, ಆಫೀಸಿನಿಂದ ನಿಮ್ಮ ಬೆನ್ನು ಹತ್ತಿ ಮನಿಗೆ ಬಂದಿದ್ಲು. ನನ್ನ ಕಾಲು ಹಿಡಕೊಂಡು, ಈ ಮದುವಿ ಮುರೀಲಿ ಬಾಯಾರ, ಇಲ್ಲಂದ್ರ ನಾ ಉಳಿಯಂಗಿಲ್ಲ ಅಂದ್ಲು. ಕಾರಣ ಹೇಳಿದ್ಲು. ಕೇಳಿ ನಾನೇ ನನ್ನ ಕೈಲೇ ಹರಿದೆ."

"ಏನು ಕಾರಣ?"

"ಅದು ಹೇಳಂಗಿಲ್ಲ ಅಂತ ಆಕಿಗೆ ಮಾತು ಕೊಟ್ಟೀನಿ. ಹಂಗಂತ ಮಂಜುಷಾಬಾಯಿ ಕೀಲಿ ಹೋಗಬಾರದು. ಎರಡೂ ಹ್ಯಾಂಗ ಕೂಡತಾವೋ ನನಗ ತಿಳಿಯಂಗಿಲ್ಲ, ನೀವೇ ನೋಡ್ರಿ."

"ಆ ಹುಡುಗಿ ಇವತ್ತು ನನ್ನ ಮುಂದ ನಿಂತು..."

"ನಿಮ್ಮನ್ನ ಚಲೋ ಗುರ್ತದ ಆಕಿಗೆ. ಅವತ್ತು ನೀವು ಎದ್ದ ಮ್ಯಾಲ ಕುಡಿದ್ರಲ್ಲ ಚಹಾ, ಅದು ಆಕಿ ಮಾಡಿ ಇಟ್ಟು ಹೋದದ್ದು. ಸಕ್ಕರಿ ಹಾಕಬ್ಯಾಡ, ನಮ್ಮವರಿಗೆ ಶುಗರ್ ಅದ ಅಂತ ನಾನೇ ಹೇಳಿದ್ದೆ."

ಫೋನ್ ಕಟ್ಟಾಯಿತು.

ನಾಲಗೆಯ ಮೇಲೆ ಕಮಲಾಪುರದ ಆ ಸಪ್ಪೆ ಚಹಾ ಮತ್ತೆ ಬಂದಂತಾಯಿತು. ಮರೆತಿರಲಿಲ್ಲ ಅವಳು. ಇಷ್ಟು ಜನ ಇಷ್ಟು ದಿನದಿಂದ ನನಗಿಂತ ಹೆಚ್ಚು ತಿಳಿದುಕೊಂಡು, ಚಹಾ ಕೊಟ್ಟು, ನೀರು ಕೊಟ್ಟು, ಡೈರಿಗೆ ಗುರುತು ಇಟ್ಟು ನನ್ನನ್ನು ತಿರುಗಲು ಬಿಟ್ಟಿದ್ದರು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹರಿಪ್ರಿಯಾ ಬಾಗಿಲ ಕಡೆ ನೋಡಿ ಹಿಂದೆ ಸರಿದಳು.

ಮಂಜುಷಾಬಾಯಿ ಚಪ್ಪಲಿ ಕಳಚಿ ಒಳಗೆ ಬಂದರು. ಒಂದು ಕೈಯಲ್ಲಿ ಹಾಲಿನ ಕೀಲಿಗೊಂಚಲು ಇತ್ತು. ಕೂರಲಿಲ್ಲ. ಮೊದಲು ನನ್ನ ಮುಖ ನೋಡಿದರು, ಆಮೇಲೆ ಅವಳದು. ಕನ್ನಡಕ, ಸೆರಗು ಇಲ್ಲದ್ದಕ್ಕೆ ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ.

"ಐದಾತು ರಾಯರ," ಎಂದರು. "ಬಲ ತುಂಡು ಸಿಕ್ಕಿತೇನು?"

ತುಂಡು ನನ್ನ ಅಂಗೈಯಲ್ಲಿತ್ತು. ನಾನು ಮುಷ್ಟಿ ಮುಚ್ಚಿದೆ.